‘ಬಿಳಿ ಹೋಗ್ತಿದೆ’ ಅಂದರೆ ಸಾಲದು: ಬಸುರಿನಲ್ಲಿ ಸೋಂಕನ್ನು ಗುರುತಿಸಿ ಡಾಕ್ಟರಿಗೆ ಹೇಳುವುದು ಹೇಗೆ

ನನ್ನ ಮೊದಲ ಮಗಳು 33ನೇ ವಾರಕ್ಕೇ ಹುಟ್ಟಿದಳು. ತೂಕ 1.9 ಕೆಜಿ. ಅದಕ್ಕೆ ಒಂದು ತಿಂಗಳು ಮುಂಚಿನಿಂದಲೇ ನನಗೆ ಬಿಳಿ ಹೋಗುವುದು ಜಾಸ್ತಿಯಾಗಿತ್ತು, ಕೆಟ್ಟ ವಾಸನೆಯೂ ಇತ್ತು. ತಪಾಸಣೆಯಲ್ಲಿ ಡಾಕ್ಟರ್ "ಬೇರೆ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿದ್ದರು. "ಸ್ವಲ್ಪ ಬಿಳಿ ಹೋಗ್ತಿದೆ" ಅಂದೆ. ಪಕ್ಕದಲ್ಲಿ ಅತ್ತೆ ಕೂತಿದ್ದರು, ವಾಸನೆಯ ಮಾತು ಬಾಯಿಗೆ ಬರಲೇ ಇಲ್ಲ. "ಬಸುರಿನಲ್ಲಿ ಅದು ಸಹಜ" ಎಂದರು ಡಾಕ್ಟರ್. ನಾನು ಹೇಳಿದ ಅಷ್ಟು ಮಾತಿಗೆ ಅದು ಸರಿಯಾದ ಉತ್ತರವೇ.

ಬಿಳಿ ಹೋಗುವುದು ನಿಜಕ್ಕೂ ಸಹಜ. ಬಸುರಿನಲ್ಲಿ ಹಾರ್ಮೋನು ಏರುತ್ತದೆ, ಸ್ರಾವವೂ ಏರುತ್ತದೆ. ಅದು ತೆಳುವಾಗಿ, ನೀರಿನಂತೆಯೋ ಹಾಲಿನ ಬಣ್ಣದಲ್ಲೋ ಇರುತ್ತದೆ. ವಾಸನೆ ಇರುವುದಿಲ್ಲ, ಇದ್ದರೂ ಬಹಳ ಕಡಿಮೆ. ತುರಿಕೆ ಇಲ್ಲ, ಉರಿ ಇಲ್ಲ. ಇದಿಷ್ಟೇ ಆದರೆ ಸುಮ್ನೆ ಇರಬಹುದು. ನಿಮ್ಮ ಸಹಜ ಸ್ರಾವ ಹೇಗಿರುತ್ತದೆ ಎಂದು ಮೊದಲ ತಿಂಗಳುಗಳಲ್ಲೇ ನೋಡಿಟ್ಟುಕೊಳ್ಳಿ. ಬದಲಾವಣೆ ಗೊತ್ತಾಗುವುದು ಆಗಲೇ ಅಲ್ವಾ?

ನೋಡಲು ಬಿಳಿ ಹತ್ತಿ ಒಳಉಡುಪು ಒಳ್ಳೆಯದು. ಬಣ್ಣ, ದಪ್ಪ, ವಾಸನೆ, ತುರಿಕೆ, ಯಾವಾಗಿನಿಂದ: ಈ ಐದನ್ನು ಗಮನಿಸಿ. ಎರಡನೇ ಬಸುರಿನಲ್ಲಿ ನಾನು ಇದನ್ನು ಫೋನಿನಲ್ಲಿ ಬರೆದಿಟ್ಟು, ಮಾತಾಡಲು ನಾಚಿಕೆಯಾದಾಗ ಫೋನನ್ನೇ ಡಾಕ್ಟರ ಕೈಗೆ ಕೊಡುತ್ತಿದ್ದೆ. ಪರೀಕ್ಷೆಯ ಹೊತ್ತಿಗೆ ಜೊತೆಗೆ ಬಂದವರನ್ನು ಹೊರಗೆ ಕೂರಲು ಹೇಳಿ ಎಂದು ನರ್ಸ್‌ಗೆ ಹೇಳಿದರೂ ಆಗುತ್ತದೆ. ಅವರಿಗೆ ಇದೆಲ್ಲ ದಿನನಿತ್ಯದ ಮಾತು.

ಬೂದು ಮಿಶ್ರಿತ ಬಿಳಿ, ತೆಳು, ಮೀನಿನ ವಾಸನೆ, ಅದರಲ್ಲೂ ಗಂಡನ ಜೊತೆ ಸೇರಿದ ಮೇಲೆ ವಾಸನೆ ಹೆಚ್ಚು: ಇದ್ದರೆ ಬ್ಯಾಕ್ಟೀರಿಯಲ್ ವಜಿನೋಸಿಸ್ ಇರಬಹುದು. ನನಗಾಗಿದ್ದು ಅದೇ. ಯೋನಿಯನ್ನು ಕಾಯುವ ಒಳ್ಳೆಯ ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದಾಗ ಇದು ಬರುತ್ತದೆ. ಯೋನಿಯ ಹುಳಿತನವೂ ಕಡಿಮೆಯಾಗುತ್ತದೆ, ಪಿಎಚ್ (ಹುಳಿತನದ ಅಳತೆ, ಹುಳಿ ಕಡಿಮೆಯಾದಷ್ಟೂ ಈ ಅಂಕಿ ಏರುತ್ತದೆ) 4.5ಕ್ಕಿಂತ ಮೇಲೆ ಹೋಗುತ್ತದೆ. ಒಡೆದ ಹಾಲಿನ ಗಡ್ಡೆಯಂತೆ ದಪ್ಪ ಬಿಳಿ, ತಡೆಯಲಾಗದ ತುರಿಕೆ, ಆದರೆ ವಾಸನೆ ಅಷ್ಟಿಲ್ಲ ಎಂದಾದರೆ ಅದು ಫಂಗಸ್, ಅಂದರೆ ಕ್ಯಾಂಡಿಡಾ ಇರಬಹುದು. ಹಳದಿ ಹಸಿರು ಬಣ್ಣ, ನೊರೆ, ಕೆಟ್ಟ ವಾಸನೆ ಇದ್ದರೆ ಟ್ರೈಕೊಮೊನಾಸ್ ಎಂಬ ಪರಜೀವಿ ಇರಬಹುದು. ಇದು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು, ಹಾಗಾಗಿ ಗಂಡನಿಗೂ ಚಿಕಿತ್ಸೆ ಆಗಬೇಕು.

ಇಷ್ಟು ಓದಿ ನೀವೇ ತೀರ್ಮಾನ ಮಾಡಬೇಡಿ. ನಾನು ಮಾಡಿದ ತಪ್ಪು ಅದೇ. ತುರಿಕೆ ಇದೆ, ಫಂಗಸ್ ಇರಬೇಕು ಅಂದುಕೊಂಡು ಔಷಧಿ ಅಂಗಡಿಯಲ್ಲಿ ಕೇಳಿ ಫಂಗಸ್ ಮಾತ್ರೆ ತಂದು ಒಳಗಿಟ್ಟುಕೊಂಡೆ. ವಾಸನೆ ಹೋಗಲಿ ಎಂದು ಸೋಪು ಹಾಕಿ ಒಳಗೂ ತೊಳೆದೆ. ತೊಳೆದಷ್ಟೂ ವಾಸನೆ ಜಾಸ್ತಿ! ಹಾಗೆ ತೊಳೆದರೆ ಉಳಿದಿದ್ದ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೊರಗಡೆ ಬರಿ ನೀರಿನಲ್ಲಿ ತೊಳೆದರೆ ಸಾಕು. ಮೊಸರು, ಬೆಳ್ಳುಳ್ಳಿ, ಸುವಾಸನೆಯ ಲೋಷನ್ ಯಾವುದನ್ನೂ ಒಳಗೆ ಹಾಕಬೇಡಿ.

ಡಾಕ್ಟರ್ ಏನು ಮಾಡುತ್ತಾರೆ? ಸ್ಪೆಕ್ಯುಲಮ್ (ಯೋನಿಯನ್ನು ಸ್ವಲ್ಪ ಅಗಲಿಸಿ ಒಳಗೆ ನೋಡುವ ಸಾಧನ) ಹಾಕಿ ನೋಡುತ್ತಾರೆ, ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು ಪಿಎಚ್ ಮತ್ತು ಸೂಕ್ಷ್ಮದರ್ಶಕದ ಪರೀಕ್ಷೆ ಮಾಡಿಸುತ್ತಾರೆ. ಎರಡು ನಿಮಿಷದ ಕೆಲಸ. ಮೂತ್ರ ಪರೀಕ್ಷೆಯನ್ನೂ ಬಿಡಬೇಡಿ. ಉರಿ ಇಲ್ಲದಿದ್ದರೂ ಮೂತ್ರದಲ್ಲಿ ಸೋಂಕು ಅಡಗಿರಬಹುದು, ಅದು ಕಿಡ್ನಿಗೆ ಏರಿದರೆ ಬೇಗ ಹೆರಿಗೆಯಾಗುವ ಅಪಾಯವೂ ಇದೆ.

ಬ್ಯಾಕ್ಟೀರಿಯಲ್ ವಜಿನೋಸಿಸ್‌ಗೂ ಟ್ರೈಕೊಮೊನಾಸ್‌ಗೂ ಸಾಮಾನ್ಯವಾಗಿ ಕೊಡುವುದು ಮೆಟ್ರೊನಿಡಜೋಲ್, ಹೆಚ್ಚಾಗಿ 7 ದಿನ. ಬಾಯಲ್ಲಿ ಲೋಹದ ರುಚಿ ಬರುತ್ತದೆ, ಹೊಟ್ಟೆ ತೊಳಸುತ್ತದೆ. ನಾನು ನಾಲ್ಕನೇ ದಿನಕ್ಕೆ ಬಿಡಬೇಕು ಅಂದುಕೊಂಡಿದ್ದೆ. ಬಿಡಬೇಡಿ, ಪೂರ್ತಿ ಮುಗಿಸಿ. ಫಂಗಸ್‌ಗೆ ಬಸುರಿಯರಿಗೆ ಒಳಗಿಡುವ ಮಾತ್ರೆ ಅಥವಾ ಕ್ರೀಮು 7 ದಿನ ಕೊಡುತ್ತಾರೆ. ಬಾಯಿಂದ ನುಂಗುವ ಫ್ಲುಕೊನಜೋಲ್ ಬಸುರಿನಲ್ಲಿ ಬೇಡ ಎನ್ನುತ್ತಾರೆ. ಆದ್ದರಿಂದ ಮನೆಯಲ್ಲಿ ಹಳೆಯದೇನಾದರೂ ಉಳಿದಿದ್ದರೆ ಮುಟ್ಟಲೇಬೇಡಿ.

ಈಗ ಬೇಗ ಹೆರಿಗೆಯ ಮಾತು. ಕೆಳಗಿನ ಬ್ಯಾಕ್ಟೀರಿಯಾ ಗರ್ಭಕೋಶದ ಬಾಯಿ ದಾಟಿ ಮೇಲೇರಿದರೆ ಅಲ್ಲಿ ಉರಿಯೂತ ಆಗುತ್ತದೆ. ಆಗ ಮೈಯಲ್ಲಿ ಹುಟ್ಟುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶವನ್ನು ಹಿಂಡುತ್ತದೆ, ಮಗುವಿನ ಸುತ್ತಲಿನ ಪೊರೆ ಸಡಿಲವಾಗಿ ಹರಿಯುತ್ತದೆ. ಹಾಗಂತ ಸೋಂಕು ಬಂದವರಿಗೆಲ್ಲ ಹೀಗೆ ಆಗುವುದಿಲ್ಲ, ಬಹುಪಾಲು ಹೆಂಗಸರಿಗೆ ದಿನ ತುಂಬಿಯೇ ಹೆರಿಗೆಯಾಗುತ್ತದೆ. ನನಗೂ ಸೋಂಕಿನಿಂದಲೇ ಹೀಗಾಯಿತು ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಇನ್ನೊಂದು ವಿಷಯ: ಲಕ್ಷಣವೇ ಇಲ್ಲದವರಿಗೆಲ್ಲ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟರೆ ಬೇಗ ಹೆರಿಗೆ ತಪ್ಪುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅದಕ್ಕೇ ಕಾಣುವ ಲಕ್ಷಣವನ್ನು ಬಾಯಿಬಿಟ್ಟು ಹೇಳುವುದು ಇಷ್ಟು ಮುಖ್ಯ. ಹಿಂದೆ 37 ವಾರಕ್ಕೆ ಮುಂಚೆ ಹೆರಿಗೆ ಆಗಿದ್ದರೆ ಮೊದಲ ಭೇಟಿಯಲ್ಲೇ ತಿಳಿಸಿ. ಎರಡನೇ ಸಲ ನಾನು ಹೇಳಿದ್ದಕ್ಕೆ ಗರ್ಭಕೋಶದ ಬಾಯಿಯ ಉದ್ದವನ್ನು ಸ್ಕ್ಯಾನಿನಲ್ಲಿ ಅಳೆದು ನೋಡುತ್ತಿದ್ದರು. ಆ ಮಗು 38ನೇ ವಾರಕ್ಕೆ ಹುಟ್ಟಿತು.

ಇನ್ನು ಕೆಲವಕ್ಕೆ ಮುಂದಿನ ತಪಾಸಣೆಯವರೆಗೆ ಕಾಯಬಾರದು. 37 ವಾರಕ್ಕೆ ಮುಂಚೆ ಹೊಟ್ಟೆ ಬಿಟ್ಟುಬಿಟ್ಟು ಗಟ್ಟಿಯಾಗುವುದು, ಕೆಳಸೊಂಟದ ನೋವು ಬಂದು ಬಂದು ಹೋಗುವುದು, ಮಗು ಕೆಳಗೆ ಒತ್ತಿದಂತಾಗುವುದು, ರಕ್ತ, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು: ಇವುಗಳಲ್ಲಿ ಒಂದಿದ್ದರೂ ಆಗಲೇ ಆಸ್ಪತ್ರೆಗೆ ಹೊರಡಿ. ನೀರು ಹೋದರೂ ಅಷ್ಟೇ. ನನಗೆ ರಾತ್ರಿ ಎರಡು ಗಂಟೆಗೆ ಬಟ್ಟೆ ಒದ್ದೆಯಾಯಿತು. ಮೂತ್ರ ಇರಬೇಕು ಎಂದು ಬಟ್ಟೆ ಬದಲಿಸಿ ಮಲಗಿದೆ. ಬೆಳಿಗ್ಗೆವರೆಗೆ ಮೂರು ಸಲ ಬದಲಿಸಿದೆ. ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಇಂಜೆಕ್ಷನ್ನಿಗೆ ಕೆಲಸ ಮಾಡಲು ಸಮಯ ಬೇಕು. ನಾನು ಕಳೆದುಕೊಂಡದ್ದು ಆ ಆರು ಗಂಟೆ. ನಿಮಗೆ ಹೀಗಾದರೆ ಶುಭ್ರ ಪ್ಯಾಡ್ ಇಟ್ಟುಕೊಂಡು ಹೊರಡಿ. ಒಳಗೆ ಏನೂ ಇಡಬೇಡಿ, ಗಂಡನ ಜೊತೆ ಸೇರಬೇಡಿ. ಒದ್ದೆಯಾದ ಪ್ಯಾಡನ್ನು ಎಸೆಯದೆ ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ, ಬಣ್ಣ ಮತ್ತು ವಾಸನೆಯನ್ನು ಅವರೇ ನೋಡಲಿ.