ಗೇಮ್ ಟ್ರೇಲರ್ ನೋಡಿ ಮರುಳಾಗದಿರಲು ಹೀಗೆ ಮಾಡಿ

ಹೊಸ ಗೇಮ್‌ನ ಟ್ರೇಲರ್ ಬಂದ ಅರ್ಧ ಗಂಟೆಯೊಳಗೆ ಪ್ರೀ-ಆರ್ಡರ್ ಮಾಡಿ, ಅಂದರೆ ಬಿಡುಗಡೆಗೆ ಮುಂಚೆಯೇ ದುಡ್ಡು ಕೊಟ್ಟು ಮುಗಿಸುವವರನ್ನು ನೋಡುತ್ತಲೇ ಬಂದಿದ್ದೇನೆ. ಗೇಮ್ ಕೈಗೆ ಬಂದ ವಾರದಲ್ಲೇ "ಟ್ರೇಲರ್‌ನಲ್ಲಿ ಹೀಗಿರಲಿಲ್ಲ" ಎಂದು ಬೇಸರ ಮಾಡಿಕೊಳ್ಳುವವರೂ ಅವರೇ. ಎಷ್ಟೋ ಸಲ ಟ್ರೇಲರ್ ನೇರವಾಗಿ ಸುಳ್ಳು ಹೇಳಿರುವುದಿಲ್ಲ. ಅದು ತೋರಿಸದೆ ಬಿಟ್ಟದ್ದನ್ನು ನೋಡಿದವರು ತಮ್ಮ ಆಸೆಯಿಂದ ತುಂಬಿಕೊಂಡಿರುತ್ತಾರೆ. ಎರಡು ನಿಮಿಷದ ಟ್ರೇಲರ್‌ನಿಂದಲೂ ಸಾಕಷ್ಟು ತಿಳಿಯಬಹುದು. ಅದಕ್ಕೆ ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಬೇಕು: ಈ ಗೇಮ್ ಆಡುವಾಗ ನನ್ನ ಕೈಗೆ ಏನು ಕೆಲಸ?

1. ಅಸಲಿ ಟ್ರೇಲರ್ ಹುಡುಕಿ

ಗೇಮ್ ಮಾಡಿದವರ ಇಲ್ಲವೇ ಪ್ರಕಾಶಕರ ಅಧಿಕೃತ ಚಾನೆಲ್‌ನಲ್ಲೇ ನೋಡಿ, ವಿಡಿಯೊ ಕ್ವಾಲಿಟಿಯನ್ನು ಗರಿಷ್ಠಕ್ಕೆ ಇಡಿ. ಶೀರ್ಷಿಕೆಯಲ್ಲಿ "ಕಾನ್ಸೆಪ್ಟ್ ಟ್ರೇಲರ್" ಎಂದಿದ್ದರೆ ಅದನ್ನು ಬೇರೆ ಯಾರೋ ಮಾಡಿದ್ದು, ಅಲ್ಲಿಗೇ ಬಿಟ್ಟುಬಿಡಿ.

2. ಸಣ್ಣ ಅಕ್ಷರ ಓದಿ

ಟ್ರೇಲರ್‌ನ ಶುರುವಿನಲ್ಲೋ ಕೆಳಮೂಲೆಯಲ್ಲೋ ಒಂದು ಸಾಲು ಬಂದು ಹೋಗುತ್ತದೆ. ಅಲ್ಲಿ ವಿಡಿಯೊ ನಿಲ್ಲಿಸಿ ಓದಿ.

"ನಾಟ್ ಆಕ್ಚುವಲ್ ಗೇಮ್‌ಪ್ಲೇ" (ಇದು ನಿಜವಾಗಿ ಆಡುವ ದೃಶ್ಯವಲ್ಲ) ಎಂದಿದ್ದರೆ ಅದೊಂದು ಅನಿಮೇಷನ್ ಚಿತ್ರ. ಕಥೆಯ ಹದ ತಿಳಿಯಲು ನೋಡಬಹುದು, ಅದಕ್ಕಿಂತ ಜಾಸ್ತಿ ಏನೂ ಸಿಗುವುದಿಲ್ಲ. "ಇನ್-ಎಂಜಿನ್ ಫೂಟೇಜ್" ಎಂಬ ಸಾಲಿನಲ್ಲಿ ಹೆಚ್ಚಿನವರು ಎಡವುತ್ತಾರೆ. ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಎಂಜಿನ್‌ನಲ್ಲೇ ಆ ದೃಶ್ಯವನ್ನೂ ಮಾಡಿದ್ದಾರೆ ಎಂದಷ್ಟೇ ಅದರ ಅರ್ಥ. ಕ್ಯಾಮೆರಾವನ್ನು ಬೇಕಾದಲ್ಲಿ ಇಟ್ಟು, ಪಾತ್ರವನ್ನು ಬೇಕಾದ ಹಾಗೆ ನಡೆಸಿ, ಒಂದೊಂದೇ ಫ್ರೇಮನ್ನು ನಿಧಾನವಾಗಿ ರೆಂಡರ್ ಮಾಡಿದ್ದರೂ (ಕಂಪ್ಯೂಟರ್‌ನಿಂದ ಚಿತ್ರ ಬರೆಸಿದ್ದರೂ) ಅದು "ಇನ್-ಎಂಜಿನ್" ಎನಿಸಿಕೊಳ್ಳುತ್ತದೆ. ಅಲ್ಲಿ ಯಾರೂ ಆಡುತ್ತಿರಬೇಕೆಂದಿಲ್ಲ.

ಯಾವ ಕನ್ಸೋಲ್‌ನಲ್ಲಿ (ಗೇಮ್ ಆಡುವ ಯಂತ್ರದಲ್ಲಿ) ರೆಕಾರ್ಡ್ ಮಾಡಿದ್ದು ಎಂದು ಹೆಸರು ಹೇಳಿದ್ದರೆ ನಂಬಿಕೆ ಹೆಚ್ಚಿಸಿಕೊಳ್ಳಬಹುದು. 2025ರ ಮೇ ತಿಂಗಳಲ್ಲಿ ಜಿಟಿಎ 6ರ ಎರಡನೇ ಟ್ರೇಲರ್ ಬಂದಾಗ ರಾಕ್‌ಸ್ಟಾರ್ ಕಂಪನಿ, ಇಡೀ ಟ್ರೇಲರನ್ನು ಪ್ಲೇಸ್ಟೇಷನ್ 5ರಲ್ಲಿ ರೆಕಾರ್ಡ್ ಮಾಡಿದ್ದು, ಅದರಲ್ಲಿ ಗೇಮ್‌ಪ್ಲೇ ಮತ್ತು ಕಟ್‌ಸೀನ್ (ಆಡದೆ ಬರೀ ನೋಡುವ ಕಥೆಯ ದೃಶ್ಯ) ಸಮಪಾಲು ಇವೆ ಎಂದು ತಿಳಿಸಿತು. ಎಲ್ಲರೂ ಹೀಗೇ ಹೇಳಬೇಕು.

ಸಾಲೇ ಇಲ್ಲದಿದ್ದರೆ? ಗೇಮ್‌ಪ್ಲೇ ಅಲ್ಲ ಎಂದೇ ಹಿಡಿಯಿರಿ. 2005ರಲ್ಲಿ ಇ3 ಎಂಬ ಗೇಮ್ ಮೇಳದಲ್ಲಿ ಕಿಲ್‌ಜೋನ್ 2 ಟ್ರೇಲರ್ ತೋರಿಸಿದಾಗ ಯಾರೋ ಆಡುತ್ತಿದ್ದಾರೆ ಎಂದೇ ನೋಡಿದವರಿಗೆ ಅನಿಸಿತ್ತು. ಅದು ಮೊದಲೇ ರೆಂಡರ್ ಮಾಡಿಟ್ಟ ವಿಡಿಯೊ ಎಂದು ಆಮೇಲೆ ತಿಳಿಯಿತು. ಗೇಮ್ ಬಂದದ್ದು 2009ರಲ್ಲಿ.

"ವರ್ಕ್ ಇನ್ ಪ್ರೋಗ್ರೆಸ್" (ಕೆಲಸ ಇನ್ನೂ ನಡೆಯುತ್ತಿದೆ) ಎಂದರೆ ಮುಂದೆ ಇನ್ನೂ ಚೆನ್ನಾಗಾಗುತ್ತದೆ ಎಂದು ಹಲವರು ಓದಿಕೊಳ್ಳುತ್ತಾರೆ. ಇದ್ದದ್ದೂ ಹೋಗಬಹುದು ಎಂಬ ಅರ್ಥವೂ ಅದಕ್ಕಿದೆ. ಸೈಬರ್‌ಪಂಕ್ 2077ರ 48 ನಿಮಿಷದ ವಿಡಿಯೊವನ್ನು 2018ರಲ್ಲಿ ತೋರಿಸಿದಾಗ ಗೋಡೆ ಹಿಡಿದು ಓಡುವ ವಿದ್ಯೆ ಅದರಲ್ಲಿತ್ತು. 2020ರಲ್ಲಿ ಗೇಮ್ ಬಂದಾಗ ಇರಲಿಲ್ಲ.

3. ಸೌಂಡ್ ಆಫ್ ಮಾಡಿ ಇನ್ನೊಮ್ಮೆ ನೋಡಿ

ಇದನ್ನು ಬಿಡಲೇಬೇಡಿ. ಸಂಗೀತ ನಿಂತ ಕೂಡಲೇ ಟ್ರೇಲರ್‌ನ ಅರ್ಧ ಬಲ ಹೋಗುತ್ತದೆ, ಉಳಿದದ್ದರಲ್ಲಿ ಆಟ ಎಷ್ಟಿದೆ ಎಂದು ಕಣ್ಣಿಗೆ ಬೀಳುತ್ತದೆ. 2011ರ ಫೆಬ್ರವರಿಯಲ್ಲಿ ಬಂದ ಡೆಡ್ ಐಲ್ಯಾಂಡ್ ಟ್ರೇಲರ್ ಇದಕ್ಕೆ ಒಳ್ಳೆಯ ಪಾಠ. ರಜೆಗೆ ಬಂದ ಒಂದು ಕುಟುಂಬದ ದುರಂತವನ್ನು ಹಿಮ್ಮುಖವಾಗಿ, ನಿಧಾನಗತಿಯಲ್ಲಿ, ಪಿಯಾನೊ ಸಂಗೀತದ ಜೊತೆ ತೋರಿಸಿದ್ದರು. ಅಷ್ಟು ಸೊಗಸಾದ ಟ್ರೇಲರ್‌ಗಳು ಕಡಿಮೆ. ಆದರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಗೇಮ್, ಗೆಳೆಯರ ಜೊತೆ ಸೇರಿ ಕೈಗೆ ಸಿಕ್ಕ ಆಯುಧದಿಂದ ಜಾಂಬಿಗಳನ್ನು ಬಡಿಯುತ್ತ, ಆಯುಧ ರಿಪೇರಿ ಮಾಡಿಕೊಳ್ಳುತ್ತ ಸಾಗುವಂಥದ್ದು. ಅದನ್ನು ಇಷ್ಟಪಟ್ಟವರೂ ಬೇಕಾದಷ್ಟು ಜನ ಇದ್ದಾರೆ. ಟ್ರೇಲರ್‌ನ ದುಃಖವನ್ನು ಹುಡುಕಿ ಹೋದವರಿಗೆ ಮಾತ್ರ ಅದು ಸಿಗಲಿಲ್ಲ.

ರಿಯಾಕ್ಷನ್ ವಿಡಿಯೊ ನೋಡಿ ತೀರ್ಮಾನಿಸುವ ಅಡ್ಡದಾರಿ ಬೇಡ. ಇನ್ನೊಬ್ಬರ ಉತ್ಸಾಹ ಅಂಟುತ್ತದೆ, ತಿಳಿವಳಿಕೆ ಏನೂ ಹೆಚ್ಚುವುದಿಲ್ಲ. ಲೈಕ್‌ಗಳ ಲೆಕ್ಕವೂ ಅಷ್ಟೇ.

4. ಆಟ ಎಲ್ಲಿದೆ ಎಂದು ಹುಡುಕಿ

ಅಸಲಿ ಕೆಲಸ ಇಲ್ಲಿದೆ. ಇದಕ್ಕೆ ಕಾಲು ಗಂಟೆಯಾದರೂ ಕೊಡಿ.

ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ತೆರೆದು ವಿಡಿಯೊ ನಿಲ್ಲಿಸಿ. ಕೀಬೋರ್ಡ್‌ನ ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ, ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದಕ್ಕೆ ಹೋಗುತ್ತದೆ. ಮೊಬೈಲ್‌ನಲ್ಲಿ ನೋಡುವವರು ವೇಗವನ್ನು 0.25ಕ್ಕೆ ಇಳಿಸಿಕೊಳ್ಳಿ. ಕಾಗದದ ಮೇಲೆ ಎರಡು ಕಾಲಂ ಹಾಕಿ: ಒಂದಕ್ಕೆ "ನೋಡುವುದು", ಇನ್ನೊಂದಕ್ಕೆ "ಆಡುವುದು". ಪ್ರತಿ ಶಾಟನ್ನೂ ಯಾವುದಾದರೂ ಒಂದರಲ್ಲಿ ಬರೆಯುತ್ತ ಹೋಗಿ.

ಯಾವುದು ಆಟ ಎಂದು ಗುರುತಿಸುವುದು ಹೇಗೆ? ಮೊದಲು ಪರದೆಯ ಅಂಚು ನೋಡಿ. ಜೀವದ ಪಟ್ಟಿ, ಗುಂಡುಗಳ ಲೆಕ್ಕ, ಮಿನಿಮ್ಯಾಪ್ (ಮೂಲೆಯ ಪುಟ್ಟ ನಕ್ಷೆ), ಯಾವ ಬಟನ್ ಒತ್ತಬೇಕೆಂಬ ಸೂಚನೆ ಕಾಣುತ್ತವೆಯೇ? ಇವು ಇಲ್ಲದ ಮಾತ್ರಕ್ಕೆ ಆಟವಲ್ಲ ಎನ್ನಲಾಗದು, ಟ್ರೇಲರ್‌ಗಾಗಿ ತೆಗೆದಿರಲೂಬಹುದು. ಇದ್ದರೆ ಮಾತ್ರ ಅವನ್ನೇ ಚೆನ್ನಾಗಿ ಓದಿ, ಏಕೆಂದರೆ ಬಾಯಿಬಿಟ್ಟು ಹೇಳದ್ದನ್ನು ಅವು ಹೇಳುತ್ತವೆ. ಪ್ರತಿ ಶತ್ರುವಿನ ತಲೆಯ ಮೇಲೂ ಅಂಕಿ ಹಾರುತ್ತಿದ್ದರೆ ಆಯುಧದ ಬಲ ಏರಿಸಿಕೊಳ್ಳುವುದೇ ನಿಮ್ಮ ಮುಖ್ಯ ಕೆಲಸ. ಮೂಲೆಯಲ್ಲಿ ಮೂರ್ನಾಲ್ಕು ಬಗೆಯ ನಾಣ್ಯಗಳು ಕಂಡರೆ, ನಿಜವಾದ ದುಡ್ಡು ಕೇಳುವ ಅಂಗಡಿ ಗೇಮ್ ಒಳಗೆ ಇದೆಯೇ ಎಂದು ವಿಚಾರಿಸಿ.

ಆಮೇಲೆ ಕ್ಯಾಮೆರಾ. ಮನುಷ್ಯ ಕೈಯಿಂದ ತಿರುಗಿಸುವ ಕ್ಯಾಮೆರಾ ಚೂರು ತಡವರಿಸುತ್ತದೆ, ಬೇಕಾದದ್ದಕ್ಕಿಂತ ಮುಂದೆ ಹೋಗಿ ವಾಪಸ್ ಬರುತ್ತದೆ. ಪಾತ್ರದ ಮುಖದಿಂದ ಶುರುವಾಗಿ, ಕತ್ತಿಯ ಸುತ್ತ ನಯವಾಗಿ ತಿರುಗಿ, ಶತ್ರುವಿನ ಕಣ್ಣಿನಲ್ಲಿ ನಿಲ್ಲುವ ಕ್ಯಾಮೆರಾವನ್ನು ಯಾರೂ ಕಂಟ್ರೋಲರ್‌ನಿಂದ ನಡೆಸಿರುವುದಿಲ್ಲ. ಅದು "ನೋಡುವುದು" ಕಾಲಂಗೆ ಹೋಗಲಿ.

ಮೂರನೆಯದು, ಕತ್ತರಿ. ಒಂದೊಂದು ಶಾಟ್ ಎಷ್ಟು ಸೆಕೆಂಡ್ ಇದೆ? ಎರಡು ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುವ ಟ್ರೇಲರ್‌ನಲ್ಲಿ ಯಾವ ಕಾದಾಟವೂ ಚೆನ್ನಾಗಿಯೇ ಕಾಣುತ್ತದೆ. ಹೊಡೆತ ತಾಗಿದ ಮೇಲೆ ಶತ್ರು ಏನು ಮಾಡಿದ, ಪಾತ್ರ ಮುಂದಿನ ಹೆಜ್ಜೆ ಹೇಗೆ ಇಟ್ಟಿತು ಎಂಬುದು ಕಾಣುವ ಮೊದಲೇ ಕತ್ತರಿಸಿರುತ್ತಾರೆ. ಕತ್ತರಿ ಬೀಳದ ಇಪ್ಪತ್ತು ಸೆಕೆಂಡಿನ ಒಂದೇ ಒಂದು ಕಾದಾಟ ಸಿಕ್ಕರೂ ಅದನ್ನೇ ಮತ್ತೆ ಮತ್ತೆ ನೋಡಿ. ಇಡೀ ಟ್ರೇಲರ್‌ಗಿಂತ ಆ ಇಪ್ಪತ್ತು ಸೆಕೆಂಡಿಗೆ ಹೆಚ್ಚು ಬೆಲೆ ಇದೆ. ಆಡುವವನು ಗುರಿ ತಪ್ಪುತ್ತಾನೆಯೇ? ಗುಂಡು ತುಂಬಿಕೊಳ್ಳಲು ನಿಲ್ಲುತ್ತಾನೆಯೇ? ಪೆಟ್ಟು ತಿನ್ನುತ್ತಾನೆಯೇ? ಶತ್ರುಗಳು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬಂದು ಸಾಯುತ್ತಾರೆಯೇ, ಇಲ್ಲ ಸುತ್ತುವರಿಯುತ್ತಾರೆಯೇ?

ಉದ್ದದ ಡೆಮೊ (ಗೇಮ್‌ನ ಮಾದರಿ ತುಣುಕು) ತೋರಿಸಿದರೂ ಪೂರ್ತಿ ನಂಬಬೇಡಿ. ಮೇಳಕ್ಕಾಗಿ ಗೇಮ್‌ನ ಒಂದು ತುಂಡನ್ನು ಮಾತ್ರ ಹೊಳಪು ಕೊಟ್ಟು ಸಿದ್ಧ ಮಾಡುವುದು ಈ ಉದ್ಯಮದಲ್ಲಿ ರೂಢಿ. ಮದುವೆಗೆ ಮನೆಯ ಮುಂದಿನ ಗೋಡೆಗೆ ಮಾತ್ರ ಸುಣ್ಣ ಬಳಿದ ಹಾಗೆ. ಏಲಿಯನ್ಸ್: ಕಲೋನಿಯಲ್ ಮರೀನ್ಸ್ 2013ರಲ್ಲಿ ಬಂದಾಗ ಮೊದಲು ತೋರಿಸಿದ ಡೆಮೊಗೂ ಗೇಮ್‌ಗೂ ಹೋಲಿಕೆಯೇ ಇಲ್ಲ ಎಂದು ಆಡಿದವರು ಸಿಟ್ಟಾದರು. ದೂರು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ಹೋಯಿತು. ಟ್ರೇಲರ್‌ಗಳು ಅಂತಿಮ ಗೇಮ್‌ಗೆ ಹೊಂದುವುದಿಲ್ಲ ಎಂದು ಅದರ ಪ್ರಕಾಶಕ ಸೆಗಾ ಕಂಪನಿ ಅಲ್ಲಿ ಒಪ್ಪಿಕೊಳ್ಳಬೇಕಾಯಿತು.

ಆದರೆ ಗ್ರಾಫಿಕ್ಸ್ ಇಳಿದದ್ದನ್ನೇ ದೊಡ್ಡ ಮೋಸ ಎಂದುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದಿ ವಿಚರ್ 3 ಗೇಮ್ 2013ರ ಟ್ರೇಲರ್‌ನಲ್ಲಿ ಕಂಡಷ್ಟು ಚೆಂದವಾಗಿ 2015ರಲ್ಲಿ ಬರಲಿಲ್ಲ. ಮೊದಲು ಬಳಸಿದ್ದ ರೆಂಡರಿಂಗ್ ವಿಧಾನ ಅಷ್ಟು ದೊಡ್ಡ ಜಗತ್ತಿಗೆ ಒಗ್ಗಲಿಲ್ಲ ಎಂದು ಮಾಡಿದವರೇ ವಿವರಿಸಿದರು. ಆದರೂ ಅದು ಆ ದಶಕದ ಶ್ರೇಷ್ಠ ಗೇಮ್‌ಗಳಲ್ಲಿ ಒಂದು. ಏಕೆಂದರೆ ಆಡುವ ಕೆಲಸ ಹಾಗೇ ಉಳಿದಿತ್ತು. ಇದಕ್ಕೆ ತಿರುಗುಮುರುಗಾದ ಉದಾಹರಣೆ ಹೇಲೋ ಇನ್ಫಿನಿಟ್. 2020ರ ಜುಲೈನಲ್ಲಿ ಅದರ ಗೇಮ್‌ಪ್ಲೇ ತೋರಿಸಿದಾಗ ಗ್ರಾಫಿಕ್ಸ್ ಸಪ್ಪೆ ಎಂದು ಜನ ಆಡಿಕೊಂಡರು, ಬಿಡುಗಡೆಯೂ 2021ರ ಡಿಸೆಂಬರ್‌ಗೆ ಮುಂದೆ ಹೋಯಿತು. ಆದರೆ ಕೊಕ್ಕೆ ಎಸೆದು ಹಾರುವ ಗ್ರ್ಯಾಪಲ್‌ಶಾಟ್ ಆ ವಿಡಿಯೊದಲ್ಲೇ ಇತ್ತು. ಮುಂದೆ ಆಡಿದವರು ಬಹಳ ಮೆಚ್ಚಿಕೊಂಡದ್ದು ಅದನ್ನೇ. ಕೈಯ ಕೆಲಸದ ಮೇಲೆ ಕಣ್ಣಿಟ್ಟವರಿಗೆ ಆಗಲೇ ಅದು ಕಂಡಿರುತ್ತದೆ.

ಕೊನೆಗೆ "ಆಡುವುದು" ಕಾಲಂ ಮಾತ್ರ ಓದಿ. ಅಲ್ಲಿ ಬರೆದ ಕೆಲಸವನ್ನು ಇಪ್ಪತ್ತು ಗಂಟೆ ಮಾಡಲು ನಿಮಗೆ ಇಷ್ಟವೇ? ಕಾಲಂ ಖಾಲಿ ಇದ್ದರೆ ಆ ಗೇಮ್ ಬಗ್ಗೆ ನಿಮಗೆ ಇನ್ನೂ ಏನೂ ಗೊತ್ತಿಲ್ಲ.

5. ಏನು ತೋರಿಸಿಲ್ಲ ಎಂದು ಕೇಳಿ

ನಿಮ್ಮ ಬಳಿ ಇರುವ ಯಂತ್ರದಲ್ಲಿ ಗೇಮ್ ಹೇಗೆ ಓಡುತ್ತದೆ ಎಂದು ತೋರಿಸಿದ್ದಾರೆಯೇ? ಸೈಬರ್‌ಪಂಕ್ 2077ರ ವಿಷಯದಲ್ಲಿ ಇದೇ ಪೆಟ್ಟು ಕೊಟ್ಟಿತು. ಹಳೆಯ ಕನ್ಸೋಲ್‌ಗಳಲ್ಲಿ ಅದು ಹೇಗಿದೆ ಎಂಬ ವಿಡಿಯೊ ಬಿಡುಗಡೆಗೆ ಕೆಲವೇ ವಾರ ಮೊದಲು ಬಂತು. ಮುಂಚಿತವಾಗಿ ವಿಮರ್ಶಕರ ಕೈಗೆ ಹೋದದ್ದು ಪಿಸಿ ಆವೃತ್ತಿ. 2020ರ ಡಿಸೆಂಬರ್ 10ರಂದು ಗೇಮ್ ಬಂತು. ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ, ಎರಡು ವಾರ ತುಂಬುವ ಮೊದಲೇ ಪ್ಲೇಸ್ಟೇಷನ್ ಮಾಡುವ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು, 2021ರ ಜೂನ್‌ನಲ್ಲಷ್ಟೇ ವಾಪಸ್ ಹಾಕಿತು.

ಆನ್‌ಲೈನ್ ಗೇಮ್ ಎಂದು ಹೇಳಿ, ಟ್ರೇಲರ್‌ನಲ್ಲಿ ಬೇರೆ ಆಟಗಾರರೇ ಸರಿಯಾಗಿ ಕಾಣದಿದ್ದರೆ ಹುಷಾರಾಗಿರಿ. ದಿ ಡೇ ಬಿಫೋರ್ ಗೇಮನ್ನು ಸಾವಿರಾರು ಜನ ಒಟ್ಟಿಗೆ ಬದುಕುವ ದೊಡ್ಡ ತೆರೆದ ಜಗತ್ತು ಎಂಬ ಹಾಗೆ ಪ್ರಚಾರ ಮಾಡಿದ್ದರು. 2023ರ ಡಿಸೆಂಬರ್‌ನಲ್ಲಿ ಬಂದದ್ದು ಅದಕ್ಕಿಂತ ತೀರಾ ಚಿಕ್ಕ ಗೇಮ್. ನಾಲ್ಕೇ ದಿನದಲ್ಲಿ ಸ್ಟುಡಿಯೊ ಮುಚ್ಚುವುದಾಗಿ ಪ್ರಕಟಿಸಿತು.

6. ತಾರೀಕು ನೋಡಿ

ಬರೀ ಲೋಗೊ, ಬೆಟ್ಟಗುಡ್ಡದ ಒಂದು ನೋಟ, ತಾರೀಕು ಇಲ್ಲ ಎಂದರೆ ಮರೆತುಬಿಡಿ. ಮೆಟ್ರಾಯ್ಡ್ ಪ್ರೈಮ್ 4 ಲೋಗೊ ತೋರಿಸಿದ್ದು 2017ರಲ್ಲಿ, ಗೇಮ್ ಬಂದದ್ದು 2025ರ ಡಿಸೆಂಬರ್‌ನಲ್ಲಿ. ನಡುವೆ 2019ರಲ್ಲಿ ಇಡೀ ಕೆಲಸವನ್ನು ಮೊದಲಿನಿಂದ ಶುರು ಮಾಡಿದ್ದರು.

7. ದುಡ್ಡು ಕೊಡುವ ಮೊದಲು

ಪ್ರೀ-ಆರ್ಡರ್ ಮಾಡಬೇಡಿ. ಡಿಜಿಟಲ್ ಗೇಮ್ ಸ್ಟಾಕ್ ಮುಗಿಯುವುದಿಲ್ಲ, ಅಲ್ವಾ? ಬೋನಸ್ ಎಂದು ಕೊಡುವ ಬಟ್ಟೆ, ಬಂದೂಕಿನ ಬಣ್ಣ ಎರಡು ದಿನಕ್ಕೆ ಮರೆತುಹೋಗುತ್ತವೆ. ಎಲ್ಲಕ್ಕಿಂತ ಕೆಟ್ಟ ಸರಕು "ಮೂರು ದಿನ ಮುಂಚೆ ಆಡಿ" ಎಂದು ಜಾಸ್ತಿ ಬೆಲೆಗೆ ಮಾರುವ ಡಿಲಕ್ಸ್ ಎಡಿಷನ್. ಇನ್ನೂ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಬೇಕಿರುವ ಗೇಮನ್ನು ಮೊದಲು ಆಡಿಸಿ, ಅದಕ್ಕೆ ಹೆಚ್ಚು ದುಡ್ಡು ವಸೂಲಿ ಮಾಡುತ್ತಾರೆ.

ಡೆಮೊ ಇದ್ದರೆ ಆಡಿ ನೋಡಿ. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ನಡೆಯುವ ನೆಕ್ಸ್ಟ್ ಫೆಸ್ಟ್ ಸಮಯದಲ್ಲಿ ಬರಲಿರುವ ನೂರಾರು ಗೇಮ್‌ಗಳ ಡೆಮೊ ಉಚಿತವಾಗಿ ಸಿಗುತ್ತವೆ. ಹತ್ತು ನಿಮಿಷದ ಡೆಮೊಗೆ ಯಾವ ಟ್ರೇಲರೂ ಸಮನಲ್ಲ. ಡೆಮೊ ಇಲ್ಲದಿದ್ದರೆ, ಗೇಮ್ ಬಂದ ದಿನ ಯಾರಾದರೂ ನಿಮ್ಮದೇ ಕನ್ಸೋಲ್‌ನಲ್ಲಿ ಎಡಿಟ್ ಮಾಡದೆ ಆಡುತ್ತಿರುವ ಲೈವ್ ವಿಡಿಯೊ ಹುಡುಕಿ, ಅರ್ಧ ಗಂಟೆ ನೋಡಿ. ಆಗ ನಿಮ್ಮ ಎರಡು ಕಾಲಂನ ಕಾಗದವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಕೊಂಡ ಮೇಲೂ ಒಂದು ದಾರಿ ಇದೆ. ಖರೀದಿಸಿ 14 ದಿನ ದಾಟದೆ, ಆಡಿದ್ದು 2 ಗಂಟೆ ಮೀರದಿದ್ದರೆ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಪಾತ್ರದ ಮೂಗು, ಕೂದಲು ಸರಿಮಾಡುವುದರಲ್ಲಿ ಕಳೆಯಬೇಡಿ, ನೇರ ಆಟಕ್ಕೆ ಇಳಿಯಿರಿ. ಬಿಡುಗಡೆಗೆ ಮುಂಚೆಯೇ ಆಡಲು ಸಿಗುವ ಡಿಲಕ್ಸ್ ಎಡಿಷನ್ ಕೊಂಡಿದ್ದರೆ ಆಗ ಆಡಿದ ಸಮಯವೂ ಈ ಎರಡು ಗಂಟೆಯ ಲೆಕ್ಕಕ್ಕೆ ಸೇರುತ್ತದೆ.