ಲೈಸೆನ್ಸ್ ಇದೆ, ಸರಿ. ಪಿಸ್ತೂಲನ್ನು ಹೊರಗೆ ಒಯ್ಯುವುದು ಹೇಗೆ?

ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಳ್ಳಬೇಕೋ, ಬಟ್ಟೆಯೊಳಗೆ ಅಡಗಿಸಿಕೊಳ್ಳಬೇಕೋ? ಅಮೆರಿಕದಲ್ಲಿ ಇದು ಮುಗಿಯದ ಜಗಳ. ಅಲ್ಲಿ ರಾಜ್ಯಕ್ಕೊಂದು ಕಾನೂನು. ಟೆಕ್ಸಾಸ್‌ನಲ್ಲಂತೂ 2021ರಿಂದ 21 ವರ್ಷ ತುಂಬಿದ ಬಹುತೇಕರಿಗೆ ಪರ್ಮಿಟ್ಟೇ ಬೇಡ. ಬೆಂಗಳೂರಲ್ಲಿ ಕಾಣುವಂತೆ ಒಯ್ಯುವ ಆಯ್ಕೆಯೇ ಇಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಆಯುಧ ಪೂರ್ತಿ ಮುಚ್ಚಿರಬೇಕು. ಅಂಗಿ ಸರಿಸಿ ಹಿಡಿಕೆ ತೋರಿಸುವ ಶೋಕಿಗೆ ಯಾರೂ ಲೈಸೆನ್ಸ್ ಕೊಟ್ಟಿಲ್ಲ.

ಹೊರಡುವ ಮೊದಲು ಲೈಸೆನ್ಸ್ ತೆರೆದು, ಅದು ಎಲ್ಲಿವರೆಗೆ ನಡೆಯುತ್ತದೆ ಅಂತ ನೋಡಿ. ಕೆಲವರದು ಕರ್ನಾಟಕಕ್ಕೆ ಮಾತ್ರ, ಕೆಲವರದು ಇಡೀ ದೇಶಕ್ಕೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮುಗಿಸಿ, ಹೊಸೂರಲ್ಲಿ ಊಟ ಮಾಡೋಣ ಅಂತ ಸುಮ್ನೆ ಅತ್ತಿಬೆಲೆ ದಾಟಿದರೆ ನೀವು ತಮಿಳುನಾಡಿನಲ್ಲಿದ್ದೀರಿ. ರಾಜ್ಯಕ್ಕಷ್ಟೇ ಸೀಮಿತವಾದ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಅವಧಿಯನ್ನೂ ನೋಡಿಕೊಳ್ಳಿ, ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದು 5 ವರ್ಷ.

ಇನ್ನು ಇಟ್ಟುಕೊಳ್ಳುವ ಬಗೆ. ಪಿಸ್ತೂಲು, ರಿವಾಲ್ವರ್ ಆದರೆ ಅದಕ್ಕೆಂದೇ ಮಾಡಿದ ಹೋಲ್ಸ್ಟರ್ ಅನ್ನುವ ಒರೆಯಲ್ಲಿ, ಮೈಗೆ ಅಂಟಿಕೊಂಡಂತೆ ಇರಬೇಕು. ಉದ್ದನೆಯ ಕೋವಿಗೆ ಅದರದೇ ಚೀಲ ಬೇಕು. ಆಯುಧ ಯಾವುದಾದರೂ ಸದಾ ನಿಮ್ಮ ಹಿಡಿತದಲ್ಲಿರಬೇಕು. ಇಲ್ಲೇ ಜಾಸ್ತಿ ಜನ ಎಡವುವುದು. ಸ್ಕೂಟರ್ ಡಿಕ್ಕಿಯಲ್ಲಿ ಹೆಲ್ಮೆಟ್ ಜೊತೆ ಹಾಕಿಡುವುದು, ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿಟ್ಟು ಕೀಲಿಯನ್ನು ಕಾರು ನಿಲ್ಲಿಸಿಕೊಡುವ ವ್ಯಾಲೆ ಹುಡುಗನ ಕೈಗೆ ಕೊಟ್ಟು ಹೋಗುವುದು, ಇವೆಲ್ಲ ಹಿಡಿತ ಅನ್ನಿಸಿಕೊಳ್ಳುವುದಿಲ್ಲ. ಹೋಲ್ಸ್ಟರ್ ಇಲ್ಲದೆ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದೂ ಬೇಡ. ಅಂಗಿ ಉದ್ದವಿರಲಿ, ಕೂತಾಗ ಮೇಲೇರದಿರಲಿ. ಕನ್ನಡಿ ಮುಂದೆ ಒಮ್ಮೆ ಕೂತು, ಬಗ್ಗಿ ನೋಡಿ.

ಎಲ್ಲಿಗೆ ಒಯ್ಯಬಾರದು? ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆ, ಶಾಲೆ-ಕಾಲೇಜಿನ ಆವರಣ. ವಿಶೇಷ ಅನುಮತಿ ಇಲ್ಲದಿದ್ದರೆ ಇವೆಲ್ಲ ನಿಷಿದ್ಧ ಅಂತ ಲೈಸೆನ್ಸ್ ಷರತ್ತಿನಲ್ಲೇ ಇದೆ. ಅಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಇಲ್ಲ, ಕರಗಕ್ಕೂ ಇಲ್ಲ. ಮಗಳನ್ನು ಶಾಲೆಯಿಂದ ಕರೆತರಲು ಹೋಗುವಾಗ ಆಯುಧ ಮನೆಯಲ್ಲೇ, ಬೀಗದೊಳಗೇ ಇರಲಿ. ಷರತ್ತು ಮುರಿದರೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಲೈಸೆನ್ಸ್ ರದ್ದಾಗುವ ಭಯ ಬೇರೆ.

ಮದುವೆ ಮಂಟಪದಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸುವವರಿಗೆ 2019ರ ತಿದ್ದುಪಡಿ ಬೇರೆಯೇ ಶಿಕ್ಷೆ ತಂದಿದೆ: 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಕೆಳಗೆ ಬಂದೇ ಬರುತ್ತದೆ, ಅಲ್ವಾ?

ದಾರಿಯಲ್ಲಿ ಪೊಲೀಸರು ಲೈಸೆನ್ಸ್ ಕೇಳಿದರೆ ತೋರಿಸಲೇಬೇಕು. ಆಗದಿದ್ದರೆ ಆಯುಧ ವಶಪಡಿಸಿಕೊಳ್ಳಬಹುದು. ‘ಸರ್, ನನ್ನ ಹತ್ತಿರ ಲೈಸೆನ್ಸ್ ಇರೋ ಪಿಸ್ತೂಲಿದೆ, ಬಲಗಡೆ ಸೊಂಟದಲ್ಲಿದೆ’ ಅಂತ ಮೊದಲು ಬಾಯಲ್ಲಿ ಹೇಳಿ. ಕೈ ಅತ್ತ ಹೋಗದಿರಲಿ. ಕಾಗದವನ್ನು ಎಡಗಡೆ ಜೇಬಿನಲ್ಲಿಟ್ಟುಕೊಂಡಿದ್ದರೆ ಕೆಲಸ ಸಲೀಸು.