ನಾಯಿ ಕಡ ತಂದು ಜಾತಿ ಆರಿಸಿದ್ದು: ನನ್ನ ಅನುಭವ

ಮೊದಲ ಸಲ ನಾಯಿ ಸಾಕೋರಿಗೆ ಯಾವ ಜಾತಿ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಈಗ ಹೆಸರು ಹೇಳುವುದಿಲ್ಲ. ಗೊತ್ತಿರೋರ ಮನೆಯ ಬೆಳೆದ ನಾಯಿಯನ್ನು ಮೂರು ದಿನ ಕಡ ತಂದು ಇಟ್ಟುಕೊಳ್ಳಿ ಅಂತೀನಿ. ಇದನ್ನು ಮೊದಲು ಹೇಳಿದಾಗ ಪಾಂಡವಪುರದ ನಮ್ಮ ಭಾವ, "ಅಲ್ಲ ಕಣಯ್ಯ, ನಾಯಿ ಏನು ಹೆಪ್ಪಾ, ಪಕ್ಕದ ಮನೆಯಿಂದ ಕಡ ತರೋಕೆ?" ಅಂದಿದ್ದರು. ಈಗ ಅವರ ತೋಟಕ್ಕೆ ನಾಯಿ ಆರಿಸಿಕೊಟ್ಟವನೂ ನಾನೇ. ನಮ್ಮ ಮನೆಯ ನಾಯಿ ಮಲ್ಲಿಗೆ ನಾಲ್ಕು ವರ್ಷ ತುಂಬಿತು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಚಾಮುಂಡಿಪುರಂನಲ್ಲಿ ಹಳೇ ಮನೆ. ಕೆಂಪು ಗಾರೆ ನೆಲ, ಹಿಂದೆ ಕರಿಬೇವಿನ ಗಿಡ ಇರೋ ಚಿಕ್ಕ ಹಿತ್ತಲು. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತೇನೆ, ಹೆಂಡತಿ ಟೀಚರ್. ಹಗಲು ಮನೆಯಲ್ಲಿ ಇರೋದು ಎಪ್ಪತ್ತು ದಾಟಿದ, ಕೋಲು ಹಿಡಿದು ನಡೆಯೋ ಅಮ್ಮ ಒಬ್ಬರೇ. ಅವರೂ ವಾರಕ್ಕೆ ಎರಡು ದಿನ ಭಜನೆಗೆ ಹೋಗುತ್ತಾರೆ. ಈ ಲೆಕ್ಕವನ್ನೆಲ್ಲ ನಾನು ಮೊದಲೇ ಹಾಕಬೇಕಿತ್ತು. ಹಾಕಲಿಲ್ಲ.

ಮೊದಲು ತಂದದ್ದು ಲ್ಯಾಬ್ರಡಾರ್ ಮರಿ. ಅಂಗಡಿಯಲ್ಲಿ ಸುಮಾರು ಒಂಬತ್ತು ಸಾವಿರ ಕೊಟ್ಟೆ. 45 ದಿನದ ಮರಿ ಅಂದರು. ಪಶುವೈದ್ಯರು ಬಾಯಿ ತೆರೆದು ಹಲ್ಲು ನೋಡಿ, ಇದಕ್ಕೆ 35 ದಿನವೂ ಆಗಿರಲಾರದು ಅಂದರು. ಎಂಟು ವಾರ ತುಂಬದ ಮರಿಯನ್ನು ಮಾರೋ ಹಾಗೇ ಇಲ್ಲ, ನಾಯಿ ಮಾರಾಟದ 2017ರ ನಿಯಮದಲ್ಲೇ ಹಾಗಿದೆ. ಅದು ನನಗೆ ಗೊತ್ತಾಗಿದ್ದು ಹಣ ಕೊಟ್ಟ ಮೇಲೆ. ಐದನೇ ದಿನ ವಾಂತಿ ಶುರುವಾಯಿತು. ಆರನೇ ದಿನ ರಕ್ತ ಭೇದಿ. ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮತ್ತೆ ಮರೆಯಲ್ಲ, ಪಾರ್ವೋ ಅನ್ನೋ ಮರಿಗಳ ಕರುಳಿನ ರೋಗ ಕಂಡವರಿಗೆಲ್ಲ ಗೊತ್ತಿರುತ್ತೆ. ನಾಲ್ಕು ದಿನ ಡ್ರಿಪ್ ಹಾಕಿಸಿದೆವು. ಮಗಳು ಶಾಲೆಗೂ ಹೋಗದೆ ಅದರ ಪಕ್ಕ ಕೂತಿದ್ದಳು. ಉಳಿಯಲಿಲ್ಲ. ಆಸ್ಪತ್ರೆಗೆ ಹನ್ನೊಂದು ಸಾವಿರ ಆಗಿರಬೇಕು. ಕೊಡ್ತೀವಿ ಅಂದಿದ್ದ, ಜಾತಿ ದಾಖಲೆಯ ಕೆನಲ್ ಕ್ಲಬ್ ಕಾಗದವೂ ಬರಲಿಲ್ಲ.

ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಸೋಪು, ಫಿನಾಯಿಲ್ ನಂಬಿ ಕೂರಬಾರದು. ಬ್ಲೀಚಿಂಗ್ ಪುಡಿ ಕಲಸಿ ಮನೆಯೆಲ್ಲ ಮೂರು ಸಲ ಒರೆಸಿದೆ. ಅಮ್ಮ ಮೂವತ್ತು ವರ್ಷ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಹೊಳಪು ತಂದಿದ್ದ ನೆಲದಲ್ಲಿ ಬಿಳಿ ಬಿಳಿ ಮಚ್ಚೆ ಎದ್ದವು. ಅಡುಗೆಮನೆ ಬಾಗಿಲ ಹತ್ತಿರ ಇವತ್ತೂ ಕಾಣುತ್ತೆ. ಅದಾದ ಮೇಲೆ ಒಂದು ವರ್ಷ ಮರಿ ತರಲಿಲ್ಲ.

ಆಮೇಲೆ ಬಂದದ್ದು ಬಿಟ್ಟಿ ಹಸ್ಕಿ, ಚಳಿ ದೇಶದ ದಟ್ಟ ಕೂದಲಿನ ಜಾತಿ. ವಿದೇಶಕ್ಕೆ ಹೊರಟಿದ್ದ ಪರಿಚಯದವರು ಕೊಟ್ಟರು. ಎರಡು ವರ್ಷದ ನಾಯಿ, ಲಸಿಕೆ ಎಲ್ಲ ಆಗಿದೆ, ಸುಮ್ನೆ ಕೊಡ್ತಿದ್ದಾರೆ, ಬೇಡ ಅನ್ನೋದ್ಯಾಕೆ ಅಂತ ತಂದೆ. ತಂದದ್ದು ಮಾರ್ಚ್ ಕೊನೆ. ಏಪ್ರಿಲ್‌ನಲ್ಲಿ ಬಿಸಿಲು 35 ಡಿಗ್ರಿ ದಾಟಿತು. ನಾಯಿ ಬಚ್ಚಲುಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಕೂಲರ್ ತಂದೆ, ಐಸ್ ಬಾಟಲಿ ಇಟ್ಟೆ, ಕೊನೆಗೆ ಒಂದು ಕೋಣೆಯ ಏಸಿ ಹಗಲಿಡೀ ಓಡಿತು. ಒಂಬೈನೂರು ಬರುತ್ತಿದ್ದ ಕರೆಂಟ್ ಬಿಲ್ ಮೂರು ಸಾವಿರದ ಹತ್ತಿರ ಹೋಯಿತು. ಬಿಸಿಲು ಇಳಿದ ಮೇಲೆ ನಾಲ್ಕೂವರೆ ಅಡಿ ಕಾಂಪೌಂಡ್ ಹಾರಿ ಎರಡು ಸಲ ಓಡಿಹೋಯಿತು. ಹತ್ತು ವಾರಕ್ಕೆ ಸೋತು, ಮಡಿಕೇರಿ ಕಡೆ ಜಾಗ ಇರೋ ಒಬ್ಬರಿಗೆ ಕೊಟ್ಟೆ. ಬಿಟ್ಟಿ ನಾಯಿಗೆ ಹದಿನಾಲ್ಕು ಸಾವಿರ ಖರ್ಚಾಗಿತ್ತು.

ಎರಡೂ ಸೇರಿ ಮೂವತ್ತೈದು ಸಾವಿರದ ಹತ್ತಿರ ಹೋದ ಮೇಲೆ ತಲೆಗೆ ಬಂದದ್ದು ಈ ಕಡ ತರೋ ಉಪಾಯ. ದೊಡ್ಡ ರಜಕ್ಕೆ ಊರಿಗೆ ಹೋಗುವವರು ನಾಯಿ ಎಲ್ಲಿ ಬಿಡೋದು ಅಂತ ಒದ್ದಾಡುತ್ತಿರುತ್ತಾರೆ. ನನಗೆ ಬಿಡಿ ಅಂದರೆ ಖುಷಿಯಾಗಿ ಬಿಡುತ್ತಾರೆ. ಮರಿ ಬೇಡ, ಬೆಳೆದ ನಾಯಿಯೇ ಆಗಬೇಕು. ಮರಿ ಯಾವ ಜಾತಿಯದಾದರೂ ಮುದ್ದಾಗೇ ಇರುತ್ತೆ, ಅದರಿಂದ ಏನೂ ತಿಳಿಯಲ್ಲ. ಲಸಿಕೆ ಕಾರ್ಡು ನೋಡಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ನೋಟ್‌ಬುಕ್‌ನಲ್ಲಿ ಎಲ್ಲ ಬರೆಯುತ್ತಿದ್ದೆ: ಒಂಟಿಯಾಗಿ ಬಿಟ್ಟಾಗ ಎಷ್ಟು ಹೊತ್ತು ಕೂಗಿತು, ಅಮ್ಮ ಕೋಲು ಹಿಡಿದು ಎದ್ದಾಗ ಏನು ಮಾಡಿತು, ಕಸ ಗುಡಿಸಿದಾಗ ಕೂದಲು ಎಷ್ಟು, ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಹನ್ನೊಂದೂವರೆಗೆ ಬಂದು ಅದನ್ನು ಹೊರಗೆ ಕರೆದುಕೊಂಡು ಹೋಗೋಕೆ ನನಗೆ ಮನಸ್ಸು ಬಂತಾ ಇಲ್ವಾ. ಈ ಕೊನೆಯದನ್ನು ಸುಳ್ಳಿಲ್ಲದೆ ಬರೆದರೆ ಅರ್ಧ ಜಾತಿಗಳು ಅಲ್ಲೇ ಹೋಗುತ್ತವೆ.

ಮತ್ತೆ ಲ್ಯಾಬ್ರಡಾರ್‌ನಿಂದಲೇ ಶುರು ಮಾಡಿದೆ. ಐದು ವರ್ಷದ್ದು, 38 ಕೆಜಿ ತೂಕ, ಬಂಗಾರದ ಗುಣ. ಆದರೆ ಖುಷಿಯಲ್ಲಿ ಬಾಲ ಬೀಸಿತು ಅಂದರೆ ಅಮ್ಮನ ಕೋಲು ಆ ಕಡೆ. ನಮ್ಮ ನುಣುಪು ನೆಲದಲ್ಲಿ ಏಳುವಾಗ ಹಿಂಗಾಲು ಜಾರುತ್ತಿತ್ತು. ಸೊಂಟದ ಕೀಲಿನ ತೊಂದರೆ ಲ್ಯಾಬ್‌ಗಳಲ್ಲಿ ಮೊದಲೇ ಜಾಸ್ತಿ, ಈ ನೆಲ ಬೇರೆ. ನಾಯಿ ಸರಿ, ಮನೆ ಸರಿ ಇಲ್ಲ ಅಂತ ಬರೆದುಕೊಂಡೆ. ಬೀಗಲ್ ಒಂದೂವರೆ ದಿನ ಇತ್ತು. ಅಮ್ಮ ಭಜನೆಗೆ ಹೋದ ಮೂರು ಗಂಟೆಯೂ ಊಳಿಟ್ಟಿತು, ಪಕ್ಕದವರು ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರು.

ಮುಧೋಳ ಬೇಟೆನಾಯಿ ಮೇಲೆ ನನಗೆ ನಿಜವಾಗಿ ಆಸೆ ಇತ್ತು. ನಮ್ಮ ನಾಡಿನ ನಾಯಿ, 2005ರಲ್ಲಿ ಅಂಚೆ ಚೀಟಿಯಲ್ಲಿ ಬಂದದ್ದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೇ ಅಂತ ಸಂಶೋಧನಾ ಕೇಂದ್ರ ಇದೆ. ಮಂಡ್ಯದ ಗೆಳೆಯನ ತೋಟದಿಂದ ತಂದೆ. ಮನೆಯೊಳಗೆ ಇದೆಯೋ ಇಲ್ಲವೋ ಅನ್ನೋ ಹಾಗೆ ಮಲಗಿರುತ್ತೆ, ವಾಸನೆ ಇಲ್ಲ, ಗಲಾಟೆ ಇಲ್ಲ. ಎರಡನೇ ದಿನ ಬೆಳಗ್ಗೆ ಬೀದಿ ಕೊನೆಯ ಖಾಲಿ ಸೈಟಿನಲ್ಲಿ ಬೆಕ್ಕು ಕಂಡಿತು. ಹಗ್ಗ ನನ್ನ ಅಂಗೈ ಚರ್ಮ ಸುಲಿದುಕೊಂಡು ಹೋಯಿತು, ಎಂಟು ದಿನ ಮುದ್ದೆ ಮುರಿಯೋಕೆ ಆಗಲಿಲ್ಲ. ಅದಕ್ಕೆ ದಿನಾ ಬೇಲಿ ಇರೋ ಜಾಗದಲ್ಲಿ ಓಟ ಬೇಕು, ಶಿಫ್ಟ್ ವಾರದಲ್ಲಿ ನನ್ನಿಂದ ಆಗಲ್ಲ. ಬೇಜಾರಿನಿಂದಲೇ ಬಿಟ್ಟೆ. ಭಾವನಿಗೆ ಆಮೇಲೆ ಕೊಡಿಸಿದ್ದು ಇದನ್ನೇ. ಅವರದು ಮೂರು ಎಕರೆ, ಸುತ್ತ ಬೇಲಿ. ಕಬ್ಬಿನ ಗದ್ದೆಗೆ ಚಿರತೆ ಬರೋ ಊರು, ಆದ್ದರಿಂದ ಕತ್ತಲಾದ ಮೇಲೆ ನಾಯಿ ಮನೆಯೊಳಗೇ ಇರಬೇಕು ಅಂತ ಷರತ್ತು ಹಾಕಿ ಕೊಡಿಸಿದೆ.

ನಾಲ್ಕನೆಯದು ಪಾಮೇರಿಯನ್, ನಿವೃತ್ತ ಮೇಷ್ಟ್ರೊಬ್ಬರದ್ದು. ನಾವು ಪಾಮೇರಿಯನ್ ಅಂತ ಕರೆಯೋ ನಾಯಿಗಳಲ್ಲಿ ಜಾಸ್ತಿ ಇಂಡಿಯನ್ ಸ್ಪಿಟ್ಜ್. ನಿಜವಾದ ಪಾಮೇರಿಯನ್ ಎರಡು ಮೂರು ಕೆಜಿ ತೂಗುತ್ತೆ, ಸ್ಪಿಟ್ಜ್‌ನಲ್ಲಿ ಚಿಕ್ಕದೇ ಐದರಿಂದ ಏಳು ಕೆಜಿ. ತೊಂಬತ್ತರ ದಶಕದಲ್ಲಿ ಮೈಸೂರಿನ ಬೀದಿ ಬೀದಿಯಲ್ಲೂ ಒಂದಿರುತ್ತಿತ್ತು. "ಅಯ್ಯೋ, ಅದು ಹಳೇ ಕಾಲದ್ದು, ಬರೀ ಕಿರುಚುತ್ತೆ" ಅಂತ ಎಲ್ಲರೂ ಹೇಳಿದರು.

ಅದು ಬಂದ ವಾರವೇ ದಸರಾ ಆನೆಗಳಿಗೆ ಸಿಡಿಮದ್ದು ತಾಲೀಮು. ಜಂಬೂ ಸವಾರಿ ದಿನ 21 ಕುಶಾಲತೋಪು ಹಾರಿಸುತ್ತಾರಲ್ವಾ, ಆನೆಗಳು ಬೆದರದಿರಲಿ ಅಂತ ಮುಂಚೆಯೇ ರೂಢಿ ಮಾಡಿಸುತ್ತಾರೆ. ನಮ್ಮ ಮನೆಗೆ ಚೆನ್ನಾಗೇ ಕೇಳಿಸುತ್ತೆ. ಮೊದಲ ಸದ್ದಿಗೆ ನಾಯಿ ಎದ್ದು ಬಾಗಿಲಿಗೆ ಹೋಗಿ ಮೂರು ಸಲ ಬೊಗಳಿತು. ಎರಡನೆಯದಕ್ಕೆ ಕಿವಿ ಹಿಂದಕ್ಕೆ ಮಡಚಿ ಅಮ್ಮನ ಕಡೆ ನೋಡಿತು. ಅಮ್ಮ ಹೂ ಕಟ್ಟುತ್ತಿದ್ದವರು ತಲೆ ಎತ್ತಲೇ ಇಲ್ಲ. ಮೂರನೆಯ ಸದ್ದಿಗೆ ಬಂದು ಅಮ್ಮನ ಪಾದದ ಮೇಲೆ ಗದ್ದ ಇಟ್ಟು ಮಲಗಿತು, ಆಮೇಲೆ ಏಳಲೇ ಇಲ್ಲ. ಅವತ್ತೇ ನಿರ್ಧಾರ ಮಾಡಿದೆ.

ಮರಿಗೋಸ್ಕರ ಮೂರು ಮನೆ ಅಲೆದೆ. ಎರಡು ಕಡೆ ತಾಯಿಯನ್ನು ತೋರಿಸಲಿಲ್ಲ, ಎದ್ದು ಬಂದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ತಾಯಿ ಗೇಟಿಗೆ ಬಂದು ಬೊಗಳಿತು. ಅಜ್ಜಿ "ಸಾಕು ಬಾರೇ" ಅಂದ ತಕ್ಷಣ ನಿಲ್ಲಿಸಿತು. ಹಾಗೆ ನಿಲ್ಲಿಸೋ ತಾಯಿ ಸಿಕ್ಕಿತು ಅಂದರೆ ಅರ್ಧ ಕೆಲಸ ಆದ ಹಾಗೆ. ನಾಲ್ಕು ಮರಿಗಳಲ್ಲಿ ಒಂದನ್ನು ಆರಿಸಲು ನಾನು ಒಂದು ಚಿಕ್ಕ ಪರೀಕ್ಷೆ ಮಾಡಿದೆ. ಅದನ್ನು ಇಲ್ಲಿ ಬರೆಯಲ್ಲ, ಇದುವರೆಗೆ ಒಂದು ಸಲವೂ ತಪ್ಪಿಲ್ಲ. ಎರಡು ತಿಂಗಳು ತುಂಬುವವರೆಗೆ ಅಲ್ಲೇ ಬಿಟ್ಟು, ಮೊದಲ ಲಸಿಕೆ ಆದ ಮೇಲೆ ತಂದೆ. ಅದೇ ನಮ್ಮ ಮಲ್ಲಿ. ಕೊಟ್ಟದ್ದು ಮೂರೂವರೆ ಸಾವಿರ.

ಬೊಗಳೋದು ನಿಜ, ಸುಳ್ಳು ಹೇಳಲ್ಲ. ಹಾಲಿನವರು, ಪೇಪರಿನವರು, ಗ್ಯಾಸಿನವರು, ಎಲ್ಲರಿಗೂ ಬೊಗಳುತ್ತಿತ್ತು. ಗೇಟಿನ ಹತ್ತಿರ ಒಂದು ಹಳೇ ಚಾಪೆ ಮತ್ತು ಒಂದು ಹಿಡಿ ಪುರಿ ಇಟ್ಟುಕೊಂಡು ಹನ್ನೊಂದು ವಾರದಲ್ಲಿ ಎರಡು ಬೊಗಳಿಗೆ ಇಳಿಸಿದೆ. ಪುರಿ ಯಾವಾಗ ಕೊಡಬೇಕು ಅನ್ನೋದರಲ್ಲಿ ಗುಟ್ಟಿದೆ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮಧ್ಯೆ ಇನ್ನೂ ಕೆಲವು ಪ್ರಯೋಗ ಮಾಡಿದೆ. ಊಟಕ್ಕೆ ನಿಂಬೆ ಗಾತ್ರದ ರಾಗಿ ಮುದ್ದೆ, ಬೇಯಿಸಿದ ಕೋಳಿ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ್ದು. ಬಸ್ಸಾರು ಹಾಕಬೇಡಿ ಅಂತ ಅಮ್ಮನಿಗೆ ಒಪ್ಪಿಸೋಕೆ ಒಂದು ತಿಂಗಳು ಹಿಡಿಯಿತು. ಉಣ್ಣೆ ಹುಳಕ್ಕೆ ಬೇವಿನೆಣ್ಣೆ ಹಚ್ಚಿ ನೋಡಿದೆ, ಹಾಸಿಗೆಯೆಲ್ಲ ವಾಸನೆ, ಉಣ್ಣೆ ಹಾಗೇ ಇತ್ತು. ಈಗ ವೈದ್ಯರು ಕೊಡೋ ಮಾತ್ರೆಯೇ. ಇನ್ನೊಂದು, ಬೇಸಿಗೆ ಅಂತ ಸ್ಪಿಟ್ಜ್ ಕೂದಲು ಬೋಳಿಸಬೇಡಿ. ಎರಡು ಪದರದ ಆ ಕೂದಲು ಬಿಸಿಲನ್ನೂ ತಡೆಯುತ್ತೆ. ಗಾಯಕ್ಕೆ ಔಷಧಿ ಹಾಕಲು ಬೆನ್ನ ಮೇಲೆ ಅಂಗೈಯಗಲ ಬೋಳಿಸಿದ್ದು ಸರಿಯಾಗಿ ಬೆಳೆಯೋಕೆ ಎಂಟು ತಿಂಗಳು ಬೇಕಾಯಿತು. ಈಗ ಊಟ, ಔಷಧಿ ಸೇರಿ ತಿಂಗಳಿಗೆ ಸಾವಿರದ ಎಂಟುನೂರರ ಆಸುಪಾಸು.

ನನ್ನ ದಾರಿ ಹಿಡಿದು ಇದುವರೆಗೆ ಆರು ಮನೆಯವರು ಆರಿಸಿದ್ದಾರೆ. ಇಬ್ಬರು ಬೀದಿ ನಾಯಿಯನ್ನೇ ಮನೆಗೆ ತಂದುಕೊಂಡರು, ಚೆನ್ನಾಗಿವೆ. ಒಬ್ಬರು ಮೂರು ದಿನ ಕಡ ತಂದ ಮೇಲೆ ನಾಯಿಯೇ ಬೇಡ ಅಂದರು, ಅವರಿಗೆ ಮೂವತ್ತು ಸಾವಿರ ಉಳಿಸಿದೆ ಅಂತಲೇ ನನ್ನ ಲೆಕ್ಕ. ಮುಂದಿನ ವಾರ ಸರಸ್ವತಿಪುರಂನ ಒಂದು ಮನೆಗೆ ಮಲ್ಲಿಯೇ ಕಡ ಹೋಗುತ್ತಿದೆ. ಅದರ ಬಟ್ಟಲು, ಹಳೇ ಚಾಪೆ, ಲಸಿಕೆ ಕಾರ್ಡು ಚೀಲಕ್ಕೆ ಹಾಕಿಟ್ಟಿದ್ದೇನೆ. ಮೂರು ದಿನ ಜಾಸ್ತಿಯಾಯಿತು, ಎರಡಕ್ಕೇ ಕರೆದುಕೊಂಡು ಬಾ ಅಂತಿದ್ದಾರೆ ಅಮ್ಮ.